ಮಗಳಿಗೆ ಟೆಲಿಸ್ಕೋಪ್ ಬೇಕಂತೆ, ಕಟಪಾಡಿಯಿಂದ ಏನು ಕಾಣುತ್ತದೆ?

ಪ್ರಶ್ನೆ: ಕಟಪಾಡಿ_ತೆಂಗಿನಡಿ

ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು. ಶಾಲೆಯಿಂದ ಪಿಲಿಕುಳಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿನ ತಾರಾಲಯದಲ್ಲಿ ಶನಿಗ್ರಹ ಮೈಮೇಲೆ ಬಂದ ಹಾಗೆ ಕಂಡಿತಂತೆ. ಅಲ್ಲಿಂದ ಬಂದಮೇಲೆ ಒಂದೇ ಹಟ, ಟೆಲಿಸ್ಕೋಪ್ ಬೇಕು. ನಮ್ಮವರು ಕುವೈತ್‌ನಲ್ಲಿ ಇದ್ದಾರೆ. ಜನವರಿಯಲ್ಲಿ ಬರುತ್ತಾರೆ, ಅಷ್ಟರೊಳಗೆ ಇಲ್ಲೇ ಆನ್‌ಲೈನ್‌ನಲ್ಲಿ ತರಿಸು ಅನ್ನುತ್ತಾರೆ. ಹದಿನೈದು ಸಾವಿರದವರೆಗೆ ಖರ್ಚು ಮಾಡಬಹುದು.

ನೋಡಿದರೆ ಒಂದೊಂದು ಒಂದೊಂದು ತರ. ಒಂದರ ಮೇಲೆ 525 ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ಬರೆದಿದೆ, ಬೆಲೆಯೂ ಕಡಿಮೆ. ಆದರೆ ಪಕ್ಕದ ಮನೆ ಹುಡುಗ ಅಂಥದ್ದೇ ಒಂದನ್ನು ತರಿಸಿ ಈಗ ಅಟ್ಟಕ್ಕೆ ಹಾಕಿದ್ದಾನೆ. ಚಂದ್ರ ಬಿಟ್ಟರೆ ಎಂತದ್ದೂ ಕಾಣಲಿಲ್ಲವಂತೆ. ಚಂದ್ರನೂ ಕೈ ತಾಗಿದ ಕೂಡಲೇ ಓಡಿಹೋಗುತ್ತಾನಂತೆ.

ಮನೆಯದ್ದೂ ಒಂದು ಕಷ್ಟ ಉಂಟು. ಟೆರೇಸಿಗೆ ಪೂರ್ತಿ ಶೀಟ್ ಹಾಕಿಸಿದ್ದೇವೆ (ಈ ಮಳೆಗೆ ಇಲ್ಲಿ ಯಾರು ಹಾಕಿಸಿಲ್ಲ ಹೇಳಿ). ಅಂಗಳಕ್ಕೆ ಇಳಿದರೆ ಸುತ್ತ ತೆಂಗು. ಮಟ್ಟು ಬೀಚ್ ಹತ್ತಿರ. ಆದರೆ ರಾತ್ರಿ ನಾನು, ಮಗಳು ಇಬ್ಬರೇ ಅಲ್ಲಿ ಹೋಗಿ ನಿಲ್ಲುವುದಕ್ಕೆ ಧೈರ್ಯ ಇಲ್ಲ. ಮತ್ತೆ ಮಳೆಗಾಲದಲ್ಲಿ ಕಪಾಟಿನ ಒಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ಇದು. ಇಷ್ಟು ದುಡ್ಡು ಕೊಟ್ಟ ವಸ್ತು ಏನಾಗುತ್ತದೋ.

ಉಡುಪಿ, ಮಂಗಳೂರು ಕಡೆ ಈ ಹುಚ್ಚು ಇರುವವರು ಯಾರಾದರೂ ಇದ್ದೀರಾ? ನನಗೆ ಸಪ್ತರ್ಷಿ ಮಂಡಲ ಬಿಟ್ಟರೆ ಏನೂ ಗೊತ್ತಿಲ್ಲ.

ಉತ್ತರ: ಮೂಲ್ಕಿ_ಸ್ಟುಡಿಯೋ

ಅಕ್ಕ, ಜನವರಿವರೆಗೆ ಏನೂ ಕೊಳ್ಳಬೇಡಿ. ಉಳಿದದ್ದೆಲ್ಲ ಆಮೇಲೆ.

ಮೊದಲು ಆ 525ರ ಲೆಕ್ಕ. ಕೊಳವೆಯ ಫೋಕಲ್ ಲೆಂತ್ (ಕನ್ನಡಿಯಿಂದ ಚಿತ್ರ ಮೂಡುವ ಜಾಗಕ್ಕೆ ಇರುವ ದೂರ) 700 ಮಿ.ಮೀ. ಜೊತೆಗೆ ಒಂದು 4 ಮಿ.ಮೀ. ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಲೆನ್ಸ್, ಕೊಡುತ್ತಾರೆ. 700ನ್ನು 4ರಿಂದ ಭಾಗಿಸಿದರೆ 175. ಅದಕ್ಕೆ ಮೂರು ಪಟ್ಟಿನ ಬಾರ್ಲೋ ಲೆನ್ಸ್ ಸೇರಿಸಿದರೆ 525. ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಒಳಗಿನ ಕನ್ನಡಿ 76 ಮಿ.ಮೀ. ಮಾತ್ರ. ಕನ್ನಡಿಯ ಒಂದು ಮಿ.ಮೀ.ಗೆ ಎರಡು ಪಟ್ಟು, ಅದಕ್ಕಿಂತ ಜಾಸ್ತಿ ಎಳೆದರೆ ಪ್ರಯೋಜನ ಇಲ್ಲ. ಅಂದರೆ 150ಕ್ಕೆ ಕತೆ ಮುಗಿಯಿತು. ಪಾಸ್‌ಪೋರ್ಟ್ ಫೋಟೊ ತಂದು ಫ್ಲೆಕ್ಸ್ ಮಾಡಿಕೊಡಿ ಅನ್ನುವವರು ನನ್ನ ಸ್ಟುಡಿಯೋಗೆ ಬರುತ್ತಾರೆ. ಮೂಗು ಯಾವುದು, ಮೀಸೆ ಯಾವುದು ಗೊತ್ತಾಗುವುದಿಲ್ಲ. ಇದೂ ಹಾಗೆಯೇ.

ಹಾಗಂತ ಪಕ್ಕದ ಮನೆ ಹುಡುಗನದ್ದು ಕಸ ಅಲ್ಲ. ಅಟ್ಟದಿಂದ ಇಳಿಸಲು ಹೇಳಿ. ಬಾರ್ಲೋ ಮತ್ತು 4 ಮಿ.ಮೀ. ಐಪೀಸನ್ನು ಪೆಟ್ಟಿಗೆಯಲ್ಲೇ ಬಿಡಿ. ಐಪೀಸ್‌ಗಳಲ್ಲಿ ದೊಡ್ಡ ಸಂಖ್ಯೆ ಯಾವುದೋ ಅದನ್ನು ಹಾಕಿ. 20 ಇದ್ದರೆ 35 ಪಟ್ಟು ಬರುತ್ತದೆ, ಚಂದ್ರನಿಗೆ ಬೇಕಾದಷ್ಟಾಯಿತು. ಹಗಲಿನಲ್ಲಿ ದೂರದ ಮೊಬೈಲ್ ಟವರಿನ ತುದಿಗೆ ಹಿಡಿದು ದೊಡ್ಡ ಕೊಳವೆ, ಮೇಲಿನ ಗುರಿ ಹಿಡಿಯುವ ಚಿಕ್ಕ ಫೈಂಡರ್ ಎರಡೂ ಒಂದೇ ಕಡೆ ನೋಡುವ ಹಾಗೆ ಸ್ಕ್ರೂ ತಿರುಗಿಸಿ. ಈ ಒಂದು ಕೆಲಸ ಮಾಡದೆ ಅಟ್ಟ ಸೇರಿದ ಟೆಲಿಸ್ಕೋಪುಗಳೇ ಜಾಸ್ತಿ. ಸ್ಟ್ಯಾಂಡಿನ ನಡುವೆ ಹೊಯ್ಗೆ ತುಂಬಿದ ಚೀಲ ಕಟ್ಟಿ ನೇತುಹಾಕಿ, ನಡುಕ ಅರ್ಧ ನಿಲ್ಲುತ್ತದೆ. ಹುಣ್ಣಿಮೆ ಚಂದ್ರ ಬೇಡ. ನೆರಳಿಲ್ಲದೆ ಸಪಾಟಾಗಿ ಕಾಣುತ್ತಾನೆ. ಗೋಡೆಯ ಕ್ಯಾಲೆಂಡರಿನಲ್ಲಿ ಶುಕ್ಲ ಪಕ್ಷದ ಸಪ್ತಮಿ, ಅಷ್ಟಮಿ ನೋಡಿಕೊಳ್ಳಿ. ಬೆಳಕು ಮುಗಿದು ಕತ್ತಲೆ ಶುರುವಾಗುವ ಗೆರೆಯ ಪಕ್ಕದಲ್ಲಿ ಗುಂಡಿಗಳು ಎದ್ದು ಕಾಣುತ್ತವೆ.

ಆ ಪೆಟ್ಟಿಗೆಯಲ್ಲಿ ಐಪೀಸಿಗೆ ಸಿಕ್ಕಿಸುವ ಕಪ್ಪು ಗಾಜಿನ ಸನ್ ಫಿಲ್ಟರ್ ಇದ್ದರೆ ಸುತ್ತಿಗೆಯಲ್ಲಿ ಒಡೆದು ಬಿಸಾಡಿ. ತಮಾಷೆಗೆ ಹೇಳುತ್ತಿಲ್ಲ. ಬಿಸಿಲಿನ ಶಾಖವೆಲ್ಲ ಅಲ್ಲೇ ಬಂದು ಸೇರುತ್ತದೆ, ಗಾಜು ಒಡೆದರೆ ಕಣ್ಣು ಹೋಯಿತು. ಸೂರ್ಯನಿಗೆ ಫಿಲ್ಟರ್ ಹಾಕುವುದಾದರೆ ಕೊಳವೆಯ ಮುಂಬಾಯಿಗೆ, ಅದಕ್ಕೆಂದೇ ಮಾಡಿದ್ದನ್ನು ಮಾತ್ರ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಸೂರ್ಯಗ್ರಹಣ ಆಯಿತಲ್ಲ, ಹಿಂದಿನ ವಾರ ಪೂರ್ತಿ ನನ್ನ ಅಂಗಡಿಗೆ ಜನ. ಎಲ್ಲರಿಗೂ ಹಳೆ ನೆಗೆಟಿವ್ ಬೇಕು. ಯಾರಿಗೂ ಕೊಡಲಿಲ್ಲ. ಕಲರ್ ಫಿಲ್ಮಿನಲ್ಲಿ ಕೊನೆಗೆ ಬೆಳ್ಳಿಯೇ ಉಳಿಯುವುದಿಲ್ಲ. ಕಣ್ಣಿಗೆ ಕಪ್ಪು ಕಂಡರೂ ಇನ್‌ಫ್ರಾರೆಡ್ ಸೀದಾ ಒಳಗೆ ಬರುತ್ತದೆ. ಬಂದವರಿಗೆ ರಟ್ಟಿಗೆ ಸೂಜಿತೂತು ಮಾಡಿ ಕಳಿಸಿದೆ. ಕೆಲವರು ಬೈದುಕೊಂಡು ಹೋದರು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಾವು ಕೆಲವರು ಇದ್ದೇವೆ. ಸಂಘ, ಬೋರ್ಡು, ಅಧ್ಯಕ್ಷ ಅಂತ ಇಲ್ಲ, ಸುಮ್ನೆ ಸೇರುತ್ತೇವೆ. ಒಬ್ಬರು ನರ್ಸ್, ಒಬ್ಬರು ಬೋಟಿನ ಎಂಜಿನ್ ರಿಪೇರಿಯವರು, ಇಬ್ಬರು ಮಾಸ್ಟ್ರುಗಳು. ಮಕ್ಕಳನ್ನು ಕರೆದುಕೊಂಡು ಹೆಂಗಸರೂ ಬರುತ್ತಾರೆ. ನಮ್ಮಲ್ಲಿ ಒಂದು ಆರಿಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಉಂಟು. ಅದು ಯಾರದ್ದೂ ಅಲ್ಲ. ಗಲ್ಫಿಗೆ ಹೋಗುವಾಗ ಒಬ್ಬರು ಬಿಟ್ಟುಹೋದದ್ದು. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಅದೂ ಹೊರಡುತ್ತದೆ. ಒಂದು ತಿಂಗಳು ಒಂದು ಮನೆ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ (ಮೇ ಕೊನೆ) ವಾಪಸ್ ನನ್ನ ಸ್ಟುಡಿಯೋಗೆ. ಪೆಟ್ಟಿಗೆಯ ಜೊತೆ ಒಂದು ನೋಟ್‌ಬುಕ್ ಇರುತ್ತದೆ. ಏನು ನೋಡಿದಿರಿ, ಯಾವ ಸ್ಕ್ರೂ ಸಡಿಲ ಆಯಿತು, ಎಲ್ಲ ಬರೆದು ಮುಂದಿನವರಿಗೆ ಕೊಡಬೇಕು. ಬಾಡಿಗೆ ಇಲ್ಲ, ಡಿಪಾಸಿಟ್ ಇಲ್ಲ. ನೋಟ್‌ಬುಕ್ ಖಾಲಿ ಬಂದರೆ ಮಾತ್ರ ನಾನು ಜಗಳ ಮಾಡುತ್ತೇನೆ.

ಡಾಬ್ಸೋನಿಯನ್ ಅಂದರೆ ಮರದ ಪೆಟ್ಟಿಗೆಯಲ್ಲಿ ಕೂರಿಸಿದ ಕನ್ನಡಿ ಟೆಲಿಸ್ಕೋಪ್. ಮೇಲೆ ಕೆಳಗೆ, ಎಡ ಬಲ, ಇಷ್ಟೇ ಚಲನೆ. ಇದನ್ನು ಬಳಕೆಗೆ ತಂದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಮಠದಲ್ಲಿ ಸನ್ಯಾಸಿಯಾಗಿದ್ದವರು. ಟೆಲಿಸ್ಕೋಪಿನ ಹುಚ್ಚಿನಿಂದ 1967ರಲ್ಲಿ ಮಠ ಬಿಡಬೇಕಾಯಿತು. ಆಮೇಲೆ ಫುಟ್‌ಪಾತಿನಲ್ಲಿ ಟೆಲಿಸ್ಕೋಪ್ ಇಟ್ಟು ಹೋಗುವವರನ್ನೆಲ್ಲ ಕರೆದು ತೋರಿಸುತ್ತಿದ್ದರು. ನಮ್ಮ ಊರಿಗೆ ಇದೇ ಸರಿ, ಅದಕ್ಕೆ ಕಾರಣ ಉಂಟು. ಭೂಮಿಯ ತಿರುಗುವಿಕೆಗೆ ಸರಿಯಾಗಿ ತಿರುಗಿಸುವ ಈಕ್ವಟೋರಿಯಲ್ ಸ್ಟ್ಯಾಂಡ್ ಆದರೆ ಮೊದಲು ಧ್ರುವ ನಕ್ಷತ್ರಕ್ಕೆ ಗುರಿ ಹಿಡಿಯಬೇಕು. ಉಡುಪಿಯಿಂದ ಧ್ರುವ ಕಾಣುವುದೇ ದಿಗಂತದಿಂದ 13 ಡಿಗ್ರಿ ಮೇಲೆ. ನಿಮ್ಮ ಅಂಗಳದಲ್ಲಿ ಅದು ಖಂಡಿತ ತೆಂಗಿನ ಹಿಂದೆ. ತಲೆಯ ಮೇಲೆ ಎಷ್ಟು ಆಕಾಶ ಬಿಟ್ಟಿದೆಯೋ ಅಷ್ಟು ಸಾಕು ಅಕ್ಕ. ಕೆಳಗಿನದ್ದು ಹೇಗೂ ಹಬೆ ಮತ್ತು ಪೇಟೆಯ ಬೆಳಕು.

ಮಟ್ಟು ಬಗ್ಗೆ: ಪಶ್ಚಿಮದಲ್ಲಿ ಏನಾದರೂ ಇದ್ದಾಗ ಅದಕ್ಕಿಂತ ಒಳ್ಳೆ ಜಾಗ ಇಲ್ಲ. 2020ರ ಡಿಸೆಂಬರ್ 21ರಂದು ಗುರು, ಶನಿ ಎರಡೂ ಒಂದೇ ಐಪೀಸಿನಲ್ಲಿ ಕಂಡದ್ದು ಅಂಥ ಕಡಲ ಬದಿಯಿಂದಲೇ. 2024ರ ಅಕ್ಟೋಬರಿನ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವನ್ನೂ ಮೋಡದ ಸಂದಿಯಲ್ಲಿ ಹಾಗೇ ನೋಡಿದ್ದು. ಆದರೆ ದಿನವೂ ಕನ್ನಡಿ ಟೆಲಿಸ್ಕೋಪನ್ನು ಕಡಲಿಗೆ ಒಯ್ಯಲು ನನಗೆ ಮನಸ್ಸಿಲ್ಲ. ಉಪ್ಪಿನ ಗಾಳಿ ಕನ್ನಡಿಯ ಅಲ್ಯೂಮಿನಿಯಂ ಲೇಪವನ್ನು ತಿನ್ನುತ್ತದೆ.

ಬೂಷ್ಟಿನ ವಿಷಯ ಬರೆಯಲು ಕುಳಿತರೆ ರಾತ್ರಿ ಬೆಳಗಾಗುತ್ತದೆ, ನನ್ನ ಜೀವನವೇ ಅದರ ಜೊತೆ ಕಳೆದಿದೆ. ಲೆನ್ಸಿಗೆ ಫಂಗಸ್ ಬರುವುದು ಮಳೆಯಿಂದ ಅಲ್ಲ, ಮುಚ್ಚಿಟ್ಟ ತೇವದಿಂದ. ರಾತ್ರಿ ನೋಡಿ ಮುಗಿಸಿದಾಗ ಎಲ್ಲದರ ಮೇಲೆ ಇಬ್ಬನಿ ಕೂತಿರುತ್ತದೆ. ಆಗಲೇ ಮುಚ್ಚಳ ಹಾಕಬಾರದು. ಕೊಳವೆಯ ಬಾಯಿ ಕೆಳಮುಖ ಮಾಡಿ ಕೋಣೆಯಲ್ಲಿಟ್ಟು ಫ್ಯಾನ್ ಹಾಕಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ. ಐಪೀಸ್‌ಗಳನ್ನು ಗಾಳಿ ಹೋಗದ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಇಡಿ. ಚಕ್ಕುಲಿ ಹಾಕುವ ಡಬ್ಬಿ ಆದರೂ ನಡೆಯುತ್ತದೆ, ಎಣ್ಣೆ ಪಸೆ ಇರಬಾರದು ಅಷ್ಟೆ. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಹಳೆ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ನೀಲಿಗೆ ಬರುತ್ತದೆ. ಲೆದರ್ ಕೇಸಿನಲ್ಲಿ ಮಾತ್ರ ಇಡಲೇಬೇಡಿ, ಬೂಷ್ಟಿನ ತವರುಮನೆ ಅದು. ಕನ್ನಡಿ ಮೇಲೆ ಧೂಳು ಕಂಡರೆ ಸುಮ್ಮನೆ ಬಿಟ್ಟುಬಿಡಿ. ಪಂಚೆಯ ತುದಿಯಲ್ಲಿ ಒರೆಸುವ ಗಂಡಸರನ್ನು ಹತ್ತಿರ ಸೇರಿಸಬೇಡಿ.

ನಿಮ್ಮ ಹದಿನೈದು ಸಾವಿರದ ಅರ್ಧದಲ್ಲಿ ಒಳ್ಳೆಯ 10x50 ಬೈನಾಕ್ಯುಲರ್ ನೋಡಬಹುದು. ಗುರುವಿನ ನಾಲ್ಕು ಚಂದ್ರ, ಕೃತ್ತಿಕೆ, ಆಂಡ್ರೊಮಿಡಾ ಗ್ಯಾಲಕ್ಸಿ ಎಲ್ಲ ಅದರಲ್ಲಿ ಸಿಗುತ್ತವೆ. ಆದರೆ ಅದನ್ನೂ ಈಗ ಕೊಳ್ಳಬೇಡಿ. ಮೊದಲು ಬಂದು ನಮ್ಮದರಲ್ಲಿ ನೋಡಿ. ಮಗಳಿಗೆ ಯಾವುದು ಕೈಗೆ ಹತ್ತುತ್ತದೆ ಗೊತ್ತಾಗಲಿ.

ಉತ್ತರ: ಮಣಿಪಾಲ_ಥರ್ಡ್‌ಇಯರ್

ಸ್ಟುಡಿಯೋ ಅಣ್ಣ ಹಳೇ ಕಾಲದವರು. ಮೇಡಂ, ಬಜೆಟ್ ಸ್ವಲ್ಪ ಏರಿಸಲು ಆದರೆ ಸ್ಮಾರ್ಟ್ ಟೆಲಿಸ್ಕೋಪ್ ನೋಡಿ. ನಮ್ಮ ಹಾಸ್ಟೆಲಿನಲ್ಲಿ ನಾಲ್ಕು ಜನ ಸೇರಿ ಸೀಸ್ಟಾರ್ ಎಸ್50 ತಗೊಂಡಿದ್ದೇವೆ. 50 ಮಿ.ಮೀ. ಲೆನ್ಸ್ ಅಷ್ಟೇ. ಆದರೆ ತಾನೇ ಹುಡುಕುತ್ತದೆ, ತಾನೇ ಹಿಂಬಾಲಿಸುತ್ತದೆ, ಹತ್ತು ಹತ್ತು ಸೆಕೆಂಡಿನ ಫೋಟೊಗಳನ್ನು ಒಂದರ ಮೇಲೊಂದು ಸೇರಿಸಿ ಮೊಬೈಲಿಗೆ ಕಳಿಸುತ್ತದೆ. ಮಣಿಪಾಲದ ಈ ಬೆಳಕಿನಲ್ಲೂ ಒರಾಯನ್ ನೆಬ್ಯುಲಾ (ಆಕಾಶದ ಅನಿಲ ಮೋಡ) ಬಣ್ಣದಲ್ಲಿ ಬಂತು. ಅಣ್ಣನ ಡಾಬ್‌ನಲ್ಲಿ ಅದು ಬೂದಿ ಬಣ್ಣ, ಹೌದೋ ಅಲ್ವೋ? ಸಪ್ತರ್ಷಿ ಬಿಟ್ಟು ಏನೂ ಗೊತ್ತಿಲ್ಲದವರಿಗೆ ಇದೇ ಸುಲಭ. ತೆಂಗಿನ ಸಂದಿಯಲ್ಲೂ ಕೆಲಸ ಮಾಡುತ್ತದೆ.

ಉತ್ತರ: ಮೂಲ್ಕಿ_ಸ್ಟುಡಿಯೋ

ಬೂದಿಯೇ ಮಾರಾಯ. ಅಷ್ಟು ಮಂದ ಬೆಳಕಿಗೆ ನಮ್ಮ ಕಣ್ಣು ಬಣ್ಣ ಹಿಡಿಯುವುದಿಲ್ಲ. ನಿಮ್ಮ ಸೀಸ್ಟಾರ್ ಬಗ್ಗೆ ನನಗೆ ಸಿಟ್ಟಿಲ್ಲ. ಫೋಟೊ ತೆಗೆದೇ ಹೊಟ್ಟೆ ಹೊರೆದವನು ನಾನು. ಆದರೆ ಅದರಲ್ಲಿ ಗ್ರಹಗಳು ಚುಕ್ಕಿಗಿಂತ ಸ್ವಲ್ಪ ದೊಡ್ಡವು, ಫೋಕಲ್ ಲೆಂತ್ 250 ಮಾತ್ರ ಅಲ್ವಾ. ಆ ಹುಡುಗಿ ಕೇಳುತ್ತಿರುವುದು ಶನಿ. ಎಂಟನೇ ಕ್ಲಾಸಿನ ಮಗುವಿನ ಕೈಯಲ್ಲಿ ರಾತ್ರಿಯೂ ಮೊಬೈಲ್ ಕೊಡುವುದು ನನಗೆ ಮನಸ್ಸಿಗೆ ಬರುವುದಿಲ್ಲ. ನವೆಂಬರ್ 22ಕ್ಕೆ ನಾವು ಸೇರುತ್ತೇವೆ, ನಿಮ್ಮದನ್ನೂ ತನ್ನಿ, ಪಕ್ಕ ಪಕ್ಕ ಇಟ್ಟು ಆ ಹುಡುಗಿಯನ್ನೇ ಕೇಳೋಣ.

ಉತ್ತರ: ಕಾರ್ಕಳ_ಮಾಸ್ಟ್ರು

ಇಬ್ಬರೂ ಸಾಮಾನಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ನನ್ನ ಮಕ್ಕಳ ಹತ್ತಿರ ಏನೂ ಇಲ್ಲ, ಆದರೂ ಕೆಲಸ ಮಾಡುತ್ತಾರೆ. ಪರ್ಸಿಯಸ್ ನಕ್ಷತ್ರಪುಂಜದಲ್ಲಿ ಆಲ್ಗಾಲ್ ಅಂತ ಒಂದು ನಕ್ಷತ್ರ ಉಂಟು. 2 ದಿನ 21 ಗಂಟೆಗೆ ಒಮ್ಮೆ ಮಂಕಾಗುತ್ತದೆ, ಅದರ ಜೋಡಿ ನಕ್ಷತ್ರ ಅಡ್ಡ ಬರುವುದರಿಂದ. ಹೊಳಪಿನ ಅಂಕ 2.1ರಿಂದ 3.4ಕ್ಕೆ ಹೋಗುತ್ತದೆ (ಅಂಕ ಹೆಚ್ಚಾದಷ್ಟೂ ಮಂಕು), ಬರಿಗಣ್ಣಿಗೆ ಚೆನ್ನಾಗಿ ಗೊತ್ತಾಗುತ್ತದೆ. ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ, ಇದಕ್ಕಿಂತ ಮಂಕು, ಅದಕ್ಕಿಂತ ಜೋರು ಅಂತ ಅಂದಾಜು ಬರೆಯುವುದು. ಅಮೆರಿಕದಲ್ಲಿ 1911ರಲ್ಲಿ ಶುರುವಾದ ಎಎವಿಎಸ್‌ಒ ಎಂಬ ಸಂಸ್ಥೆ ಇಂಥ ಅಂದಾಜುಗಳನ್ನು ಹವ್ಯಾಸಿಗಳಿಂದ ಇವತ್ತಿಗೂ ತೆಗೆದುಕೊಳ್ಳುತ್ತದೆ. 2019ರ ಕೊನೆಯಲ್ಲಿ ಆರ್ದ್ರಾ ನಕ್ಷತ್ರ ಮಂಕಾಗತೊಡಗಿದಾಗ ಇಂಥ ಬರಿಗಣ್ಣಿನ ಲೆಕ್ಕಗಳೂ ಉಪಯೋಗಕ್ಕೆ ಬಂದವು.

ಸ್ಟುಡಿಯೋದವರ ಆರಿಂಚಿನ ಕತೆ ಕೇಳಿದಾಗೆಲ್ಲ ನನಗೆ ರಾಧಾಗೋವಿಂದ ಚಂದ್ರ ನೆನಪಾಗುತ್ತಾರೆ. ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರ್‌ನ ಖಜಾನೆಯಲ್ಲಿ ಗುಮಾಸ್ತರು. ಹಗಲು ಸರ್ಕಾರದ ನಾಣ್ಯ ಎಣಿಸುವುದು, ರಾತ್ರಿ ನಕ್ಷತ್ರ. 1918ರಲ್ಲಿ ಅಕ್ವಿಲಾ ನಕ್ಷತ್ರಪುಂಜದಲ್ಲಿ ಹೊಸ ನಕ್ಷತ್ರವೊಂದು ಉರಿದಾಗ ಅದನ್ನು ತಮ್ಮಷ್ಟಕ್ಕೆ ತಾವೇ ಗುರುತಿಸಿದರು. ಆಮೇಲೆ ಎಎವಿಎಸ್‌ಒಗೆ ಲೆಕ್ಕ ಕಳಿಸಲು ಶುರು ಮಾಡಿದರು. ಇವರ ಹತ್ತಿರ ಇರುವುದು ಚಿಕ್ಕ ಟೆಲಿಸ್ಕೋಪ್ ಅಂತ ಗೊತ್ತಾಗಿ ಅವರು 1926ರಲ್ಲಿ ಆರಿಂಚಿನದ್ದೊಂದನ್ನು ಅಮೆರಿಕದಿಂದ ಎರವಲು ಕಳಿಸಿಕೊಟ್ಟರು. ಕಂಡೂ ಕೇಳರಿಯದ ಗುಮಾಸ್ತನಿಗೆ, ಸಮುದ್ರ ದಾಟಿಸಿ! ಅವರು ಕಳಿಸಿದ ಲೆಕ್ಕಗಳು ಮೂವತ್ತು ಸಾವಿರಕ್ಕೂ ಹೆಚ್ಚು. ವಯಸ್ಸಾದ ಮೇಲೆ ಆ ಟೆಲಿಸ್ಕೋಪ್ ಖಗೋಳ ವಿಜ್ಞಾನಿ ವೈನು ಬಪ್ಪು ಅವರ ಕೈಗೆ ಬಂತು, ಮುಂದೆ ತಮಿಳುನಾಡಿನ ಕಾವಲೂರು ವೀಕ್ಷಣಾಲಯಕ್ಕೆ ಹೋಯಿತು. ಒಂದೇ ಕೊಳವೆ, ಎಷ್ಟು ಕಣ್ಣು ನೋಡಿ.

ಅಕ್ಕ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಉಂಟು. ಗ್ರಹಣದಂಥ ದಿನಗಳಲ್ಲಿ ಸಾರ್ವಜನಿಕರಿಗೂ ತೋರಿಸುತ್ತಾರೆ. ಕಟಪಾಡಿಯಿಂದ ದೂರ ಏನಲ್ಲ. ಮೊಬೈಲಿಗೆ ಸ್ಟೆಲೇರಿಯಂ ಎಂಬ ಆಕಾಶ ನಕ್ಷೆಯ ಆ್ಯಪ್ ಹಾಕಿಕೊಳ್ಳಿ, ಆದರೆ ಅದನ್ನು ಮನೆಯಲ್ಲೇ ನೋಡಿಕೊಂಡು ಬರಲಿ ಮಗಳು.

ಪ್ರಶ್ನೆ ಕೇಳಿದವರು: ಕಟಪಾಡಿ_ತೆಂಗಿನಡಿ

ಇಷ್ಟೆಲ್ಲ ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ನಮ್ಮವರಿಗೆ ಫೋನಿನಲ್ಲಿ ಓದಿ ಹೇಳಿದೆ. 525ರ ಲೆಕ್ಕ ಕೇಳಿ ನಕ್ಕರು, ಆನ್‌ಲೈನ್‌ನಲ್ಲಿ ತರಿಸಲು ಅಂತ ಅವರು ನೋಡಿಟ್ಟದ್ದೂ ಅದೇ ಆಗಿತ್ತು.

22 ಅಂದರೆ ಎಲ್ಲಿ, ಎಷ್ಟು ಹೊತ್ತಿಗೆ? ಮಗಳಿಗೆ ಶನಿ ಕಾಣುತ್ತದಾ? ಇನ್ನೊಂದು, ಅತ್ತೆ ಕೂಡ ಬರುತ್ತಾರಂತೆ. ಅವರದ್ದು ರೋಹಿಣಿ ನಕ್ಷತ್ರ, ಮಗಳದ್ದು ಸ್ವಾತಿ. ಎರಡೂ ತೋರಿಸುತ್ತಾರಾ ಕೇಳು ಅಂದರು. ಹೀಗೆಲ್ಲ ಕೇಳಬಹುದಾ ಗೊತ್ತಿಲ್ಲ.

ಉತ್ತರ: ಮೂಲ್ಕಿ_ಸ್ಟುಡಿಯೋ

ಯಾಕೆ ಕೇಳಬಾರದು? ಭವಿಷ್ಯ ಹೇಳುವುದಿಲ್ಲ, ನಕ್ಷತ್ರ ಮಾತ್ರ ತೋರಿಸುತ್ತೇವೆ. ಅತ್ತೆಯವರ ರೋಹಿಣಿ ಆ ದಿನ ರಾತ್ರಿ ಒಂಬತ್ತಕ್ಕೆ ಪೂರ್ವದಲ್ಲಿ ಚೆನ್ನಾಗಿ ಮೇಲೆ ಬಂದಿರುತ್ತದೆ, ಕೆಂಪು ಛಾಯೆ. ಸ್ವಾತಿ ಈಗ ಬೆಳಗಿನ ಜಾವಕ್ಕೆ ಮಾತ್ರ. ಅದಕ್ಕೆ ಏಪ್ರಿಲ್‌ನಲ್ಲಿ ಬನ್ನಿ, ಒಂಬತ್ತು ಗಂಟೆಗೆ ಪೂರ್ವದಲ್ಲೇ ಇರುತ್ತದೆ. ಆಗ ದಕ್ಷಿಣದಲ್ಲಿ ತ್ರಿಶಂಕು ನಕ್ಷತ್ರಪುಂಜವೂ ಕಾಣುತ್ತದೆ. ರಾತ್ರಿ ಇನ್ನೂ ಏರಿದರೆ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗಳ ಗುಚ್ಛ. ದೆಹಲಿಯವರಿಗೆ ಅದು ನೆಲಕ್ಕೆ ತಾಗಿಕೊಂಡು ಸಿಗುವಂಥದ್ದು, ನಮಗೆ 29 ಡಿಗ್ರಿ ಎತ್ತರದಲ್ಲಿ.

ಶನಿ ಕಾಣುತ್ತದೆ. ಎಂಟು ಗಂಟೆಗೆ ಸರಿಯಾಗಿ ನೆತ್ತಿಯ ಹತ್ತಿರ. ಆದರೆ ಮಗಳಿಗೆ ಮೊದಲೇ ಹೇಳಿಟ್ಟಿರಿ, ಈ 2025 ಬಳೆ ನೋಡುವ ವರ್ಷ ಅಲ್ಲ. ಮಾರ್ಚ್‌ನಲ್ಲಿ ಬಳೆ ನಮಗೆ ಅಂಚಾಗಿ ತಿರುಗಿತ್ತು, ನವೆಂಬರಿನಲ್ಲಿ ಮತ್ತೆ ಹೆಚ್ಚುಕಡಿಮೆ ಹಾಗೇ. ಗ್ರಹದ ಎರಡು ಬದಿಗೆ ಸೂಜಿಯಂಥ ಗೆರೆ ಮಾತ್ರ. ತಾರಾಲಯದ ಶನಿ ನೋಡಿ ಬಂದ ಮಕ್ಕಳು ಇಷ್ಟೇನಾ ಅನ್ನುತ್ತಾರೆ. ಅನ್ನಲಿ. ಕಂಡದ್ದನ್ನು ಕಂಡ ಹಾಗೇ ಚಿತ್ರ ಬರೆದಿಡಲಿ. ಮುಂದಿನ ವರ್ಷ ಅದೇ ಪುಟದ ಪಕ್ಕದಲ್ಲಿ ಇನ್ನೊಂದು ಬರೆಯಬಹುದು, ಬಳೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಗುರು ಹುಟ್ಟುವುದು ಹತ್ತರ ಹೊತ್ತಿಗೆ. ಅಷ್ಟು ಹೊತ್ತು ಕಾದರೆ ನಿರಾಸೆ ಆಗುವುದಿಲ್ಲ.

ಜಾಗ ಮಾಳದ ಕಡೆ, ನಮ್ಮವರೊಬ್ಬರ ಕೊಯ್ಲು ಮುಗಿದ ಗದ್ದೆ. ಪೂರ್ವಕ್ಕೆ ಘಟ್ಟ ಅಡ್ಡ ಇರುವುದರಿಂದ ಎಲ್ಲವೂ ಸ್ವಲ್ಪ ತಡವಾಗಿ ಹುಟ್ಟುತ್ತವೆ, ಪೇಟೆಯ ಬೆಳಕು ಕಡಿಮೆ. ಅಮಾವಾಸ್ಯೆ ಕಳೆದು ಎರಡೇ ದಿನ, ಚಂದ್ರ ಬೇಗ ಮುಳುಗುತ್ತಾನೆ. ಸಂಜೆ ಆರೂವರೆಗೆ ಕಾರ್ಕಳ ಬಸ್‌ಸ್ಟ್ಯಾಂಡಿನ ಹತ್ತಿರ ಮಾಸ್ಟ್ರು ಜೀಪಿನಲ್ಲಿ ಇರುತ್ತಾರೆ. ನರ್ಸ್ ಅಕ್ಕನೂ ಅದರಲ್ಲೇ ಬರುತ್ತಾರೆ. ವಾಪಸ್ ಮನೆ ಬಾಗಿಲಿಗೆ ಬಿಡುವ ಜವಾಬ್ದಾರಿ ನಮ್ಮದು. ಮುಚ್ಚಿದ ಚಪ್ಪಲಿ ಅಥವಾ ಶೂ, ಸೊಳ್ಳೆಗೆ ಏನಾದರೂ, ಅತ್ತೆಯವರಿಗೆ ಮಡಚುವ ಕುರ್ಚಿ. ಗೂಡುದೀಪಕ್ಕೆ ತಂದ ಕೆಂಪು ಗ್ಲಾಸ್ ಪೇಪರ್ ಉಳಿದಿದ್ದರೆ ಟಾರ್ಚಿಗೆ ಎರಡು ಸುತ್ತು ಕಟ್ಟಿ ತನ್ನಿ. ಬಿಳಿ ಬೆಳಕು ಒಮ್ಮೆ ಕಣ್ಣಿಗೆ ಬಿದ್ದರೆ ಕತ್ತಲೆಗೆ ಹೊಂದಿಕೊಳ್ಳಲು ಮತ್ತೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಪಕ್ಕದ ಮನೆ ಹುಡುಗನನ್ನೂ ಕರೆದುಕೊಂಡು ಬನ್ನಿ, ಅವನ ಟೆಲಿಸ್ಕೋಪ್ ಸಮೇತ. ಬೋಟ್ ಎಂಜಿನ್‌ನವರು ಅದರ ಸ್ಟ್ಯಾಂಡ್ ನೋಡುತ್ತಾರಂತೆ.

22ಕ್ಕೆ ಆಗದಿದ್ದರೆ ಡಿಸೆಂಬರ್ 13, ಅದೂ ಶನಿವಾರ. ಆ ರಾತ್ರಿ ಜೆಮಿನಿಡ್ ಉಲ್ಕೆಗಳು ಜಾಸ್ತಿ ಬೀಳುವ ದಿನ. ಅರ್ಧರಾತ್ರಿ ಕಳೆದ ಮೇಲೆಯೇ ಚಂದ್ರ ಹುಟ್ಟುವುದು. ಅದಕ್ಕೆ ಟೆಲಿಸ್ಕೋಪೂ ಬೇಡ, ಚಾಪೆ ಸಾಕು.

ಮೋಡ ಇದ್ದರೆ ಅಂದು ಮಧ್ಯಾಹ್ನ ಮೂರಕ್ಕೆ ಇನ್ಸಾಟ್ ಉಪಗ್ರಹದ ಮೋಡದ ಚಿತ್ರ ನೋಡಿ ಇಲ್ಲೇ ಬರೆಯುತ್ತೇನೆ. ನಾನು ಬರೆಯುವವರೆಗೆ ಹೊರಡಬೇಡಿ.